ಸಾಹೇಬರ ಮಗಳ ಸೀರೆ

ನೇಕಾರರ ಶೆಡ್ಡು ಮುಚ್ಚಿ ಹೆಂಗಸರೆಲ್ಲ ಕೆಲಸವಿಲ್ಲದೆ ಕೂತಿದ್ದರು. ಒಂದು ಮುಂಜಾನೆ ಯೋಜನಾಧಿಕಾರಿ ಸಾಹೇಬರು ಜೀಪಿನಲ್ಲಿ ಬಂದಿಳಿದರು.

"ಮುಂದಿನ ವಾರ ನಮ್ಮ ಯೋಜನಾಕ್ಕ ರೊಕ್ಕಾ ಕೊಟ್ಟ ಹೊರದೇಶದವರು ಬರ್ತಾರ. ಇಲ್ಲಿ ಉದ್ಯೋಗ ಕೊಟ್ಟೀವಿ ಅಂತ ತೋರಿಸಬೇಕು. ಒಂದಿನ ಎಲ್ಲಾರೂ ಮಗ್ಗದಾಗ ಕೂಡ್ರಿ. ಅವರು ಹೋದಮ್ಯಾಲ ಕೀಲಿ ಹಾಕ್ತೀನಿ. ಮಗಳ ಲಗ್ನದ ಗಡಿಬಿಡಿ ಬ್ಯಾರೆ ಐತಿ ನನಗ."

ನೇಕಾರ್ತಿ ಗುರಬಸವ್ವ ತಲೆಯಾಡಿಸಿದಳು. "ಬರೇ ಮಗ್ಗ ನೋಡಿದ್ರ ಅವರು ನಗ್ತಾರ್ರಿ. ರೇಷ್ಮಿ ನೂಲು ಕೊಡಸ್ರಿ."

ನೂಲು ಬಂತು. ವಾರದೊಳಗೆ ಮಗ್ಗಗಳಲ್ಲಿ ಸೀರೆಗಳು ಅರ್ಧ ಮೂಡಿದವು. ಅತಿಥಿಗಳೂ ಬಂದರು. ಈ ಸೀರೆಗಳು ಯಾರಿಗೆ ಎಂದು ಕೇಳಿದರು.

"ಸಾಹೇಬ್ರ ಮಗಳ ಲಗ್ನಕ್ಕರಿ," ಎಂದಳು ಗುರಬಸವ್ವ. "ಇದು ಮದುಮಗಳದ್ದು, ಅದು ಅತ್ತೀದು, ಆ ಕಡೀವು ನಾದಿನೇರವು."

ಅತಿಥಿಗಳು ಚಪ್ಪಾಳೆ ತಟ್ಟಿದರು. ಸಾಹೇಬರೂ ಉಬ್ಬಿ ಕೈಮುಗಿದರು.

ಅತಿಥಿಗಳ ಕಾರು ಹೋಗುತ್ತಲೇ ಸಾಹೇಬರು ಶೆಡ್ಡು ಮುಚ್ಚಲು ಜೇಬಿನಿಂದ ಕೀಲಿ ತೆಗೆದರು. ಗುರಬಸವ್ವ ಅವರ ಕೈಗೆ ಕತ್ತರಿ ಇಟ್ಟಳು.

"ಮದುಮಗಳ ಸೀರಿ ಮಗ್ಗದಾಗ ಅರ್ಧಕ್ಕ ಕತ್ತರಿಸಾಕ ನಮಗ ಕೈ ಬರೂದಿಲ್ಲರಿ. ನೀವು ತಂದಿ, ನೀವ ಕತ್ತರಸ್ರಿ."

ಸಾಹೇಬರು ಕೆಂಪು ಸೆರಗನ್ನು ನೋಡಿದರು. ಕತ್ತರಿ ನೋಡಿದರು. ಮೆಲ್ಲಗೆ ಅದನ್ನು ಕೆಳಗಿಟ್ಟರು.

"ಮುಗಿಸಿಬಿಡ್ರಿ. ಆಮ್ಯಾಲ ಕೀಲಿ ಹಾಕ್ತೀನಿ."

ಲಗ್ನದಲ್ಲಿ ಬೀಗರ ಕಡೆಯ ಹೆಂಗಸರೆಲ್ಲ ಆ ಸೆರಗು ಮುಟ್ಟಿ ಮುಟ್ಟಿ ನೋಡಿದರು. ಮರುವಾರ ಸಾಹೇಬರು ಕೀಲಿ ಹಾಕಲು ಶೆಡ್ಡಿಗೆ ಬಂದಾಗ ಎಲ್ಲ ಮಗ್ಗಗಳಲ್ಲೂ ಹೊಸ ನೂಲು ಏರಿತ್ತು.

"ಇವು ಯಾರವು?"

"ನಿಮ್ಮ ಬೀಗರವು. ನೂಲಿಗೆ ರೊಕ್ಕಾ ಕೊಟ್ಟು ನೇಯಾಕ ಹೇಳ್ಯಾರ. ಅವರ ಬಳಗ ಭಾಳ ದೊಡ್ಡದೈತಂತ್ರಿ," ಎಂದು ಗುರಬಸವ್ವ ಕೈ ಚಾಚಿದಳು. "ಆ ಕೀಲಿ ಇಲ್ಲೇ ಬಿಟ್ಟು ಹೋಗ್ರಿ. ಮುಂಜಾನೆ ಬಾಗಲಾ ತೆಗಿಯಾಕ ಬೇಕಾಗ್ತೈತಿ."