ಚೌಡಕ್ಕನ ಹಗುರ ಹೊರೆ

ಕರಿಹಳ್ಳದ ಕಾಡಿನಲ್ಲಿ ಚೌಡಕ್ಕ ಎಂಬ ಕತ್ತೆ ಇದ್ದಳು. ಆ ಕಾಡಿನ ನೆಲದಡಿಯಲ್ಲಿ ಎಣ್ಣೆ ಇತ್ತು. ಅಜ್ಜಂದಿರ ಕಾಲದ ಗುಂಡಿಯಿಂದ ಅದನ್ನು ಮೊಗೆದು ನಾರಿನ ಚೀಲಗಳಿಗೆ ತುಂಬುತ್ತಿದ್ದರು. ಚೀಲ ನೇಯುವವು ಗೀಜಗ ಹಕ್ಕಿಗಳು, ಸೋರದಂತೆ ಹಲಸಿನ ಮೇಣ ಬಳಿಯುವವೂ ಅವೇ. ಹೊರುವವಳು ಮಾತ್ರ ಚೌಡಕ್ಕ. ಕಾಡಿನ ಒಲೆಗಳಿಗೂ ಅದೇ ಎಣ್ಣೆ, ಆಳದ ಬಾವಿಯಿಂದ ಕೊಳಕ್ಕೆ ನೀರೆತ್ತುವ ಪಂಪಿಗೂ ಅದೇ ಎಣ್ಣೆ.

ಮಕ್ಕಳೇ, ಎಣ್ಣೆಯ ಚೀಲ ಎಷ್ಟು ಭಾರ ಎಂದು ನೋಡುವವರಿಗೆ ತಿಳಿಯುವುದಿಲ್ಲ. ಚೌಡಕ್ಕನ ಬೆನ್ನಿನ ಕೂದಲು ಉದುರಿ ಎರಡು ಬೋಳು ಪಟ್ಟೆಗಳಾಗಿದ್ದವು. ಸಂಜೆ ಎದುರಿಗೆ ಹಸಿರು ಹುಲ್ಲಿದ್ದರೂ ಬಾಯಿ ಹಾಕಲು ಬೇಸರ. ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದಳು.

ಬರಬರುತ್ತ ಎಣ್ಣೆಯ ಗುಂಡಿಯ ತಳ ಕಾಣತೊಡಗಿತು. ಎಣ್ಣೆಯ ಹೊಗೆ ಕುಡಿದು ಕಾಡಿನ ಮರಿಗಳೆಲ್ಲ ಕೆಮ್ಮತೊಡಗಿದವು. ಆಗ ಹೊಳೆಯ ದಡದ ನೀರುನಾಯಿ ಕೆಂಚಣ್ಣ, ಕಾಡಿನ ಯಜಮಾನನಾದ ಕಾಡುಕೋಣದ ಹತ್ತಿರ ಬಂದ.

"ಯಜಮಾನ್ರೇ, ಬಿಸಿಲಿನ ಬಲದಿಂದ ನೀರನ್ನ ಒಡೆದರೆ ಜಲಜನಕ ಅನ್ನೋ ಗಾಳಿ ಬರುತ್ತೆ. ಅದನ್ನ ಉರಿಸಿದ್ರೆ ಹೊಗೆಯೂ ಇಲ್ಲ, ಮಸಿಯೂ ಇಲ್ಲ. ಪಂಪು ಚೆನ್ನಾಗಿ ಓಡುತ್ತೆ."

"ನಮ್ಮ ಚೀಲಗಳಲ್ಲೇ ತರಬಹುದಾ?" ಎಂದು ಕಾಡುಕೋಣ ಕೇಳಿದ. ಹರಿದ ಚೀಲವನ್ನೂ ಎಸೆಯಲು ಬಿಡದ ಪ್ರಾಣಿ ಅವನು.

"ತಂದು ನೋಡಬೇಕು. ಇದು ಎಣ್ಣೆ ಹಾಗಲ್ಲ, ಬಲು ತೆಳು. ಎಲ್ಲಿ ಸಂದು ಸಿಕ್ಕಿದ್ರೂ ಹೊರಟುಹೋಗುತ್ತೆ. ಕಣ್ಣಿಗೆ ಕಾಣಲ್ಲ, ಮೂಗಿಗೆ ತಿಳಿಯಲ್ಲ. ಚೌಡಕ್ಕ ಮೂರು ದಿನ ಹೊತ್ತು ತರಲಿ. ಅವಳು ಸರಿ ಅಂದ್ರೆ ಸರಿ."

ಆ ಕಾಡಿನ ಪದ್ಧತಿಯೇ ಹಾಗೆ. ಹೊರೆ ಹೇಗೆ ಬಂತು ಎಂದು ಹೇಳಬೇಕಾದವರು ಹೊತ್ತವರು. ಅವರು ಸರಿ ಎಂದ ಮೇಲೆ ಬೇರೆಯವರು ಚೀಲ ಮುಟ್ಟಿ ನೋಡಿದರೆ ಹೊತ್ತವರಿಗೆ ಅವಮಾನ ಮಾಡಿದಂತೆ.

ಮೊದಲ ದಿನ ಕೆಂಚಣ್ಣ ಹೊಳೆಯ ದಡದಲ್ಲಿ ಚೀಲಗಳನ್ನು ಉಬ್ಬುವಂತೆ ತುಂಬಿ ಹೊರೆ ಕಟ್ಟಿದ. ಚೌಡಕ್ಕ ಅಭ್ಯಾಸದಂತೆ ಹಲ್ಲು ಕಚ್ಚಿ, ಕಾಲು ಅಗಲಿಸಿ ನಿಂತಳು.

"ಬೇಗ ಕಟ್ಟಪ್ಪ, ಎಷ್ಟೊತ್ತು ನಿಲ್ಲಲಿ?"

"ಕಟ್ಟಿ ಆಯ್ತಲ್ಲಕ್ಕ, ಹೊರಡು."

ಚೌಡಕ್ಕನಿಗೆ ನಂಬಿಕೆಯೇ ಬರಲಿಲ್ಲ. ಬೆನ್ನ ಮೇಲೆ ಏನೂ ಇಲ್ಲದಂತೆ ನಡೆದಳು. ಎಷ್ಟೋ ವರ್ಷದ ಮೇಲೆ ದಾರಿ ಬದಿಯ ಹುಲ್ಲಿಗೆ ಬಾಯಿ ಹಾಕಿದಳು. ಅರ್ಧ ದಾರಿ ಕಳೆಯುವಷ್ಟರಲ್ಲಿ ಬಿಗಿಯಾಗಿದ್ದ ಚೀಲ ಸಡಿಲವಾಯಿತು. ಕೊಳದ ಹತ್ತಿರ ಬಂದಾಗ ಅದು ಜೋತುಬಿದ್ದು ಪಕ್ಕೆಗೆ ಬಡಿಯುತ್ತಿತ್ತು.

ಸೋರಿದೆ ಎಂದು ಅವಳಿಗೆ ಗೊತ್ತಾಯಿತು. ಮೂವತ್ತು ವರ್ಷ ಹೊರೆ ಹೊತ್ತ ಬೆನ್ನಿಗೆ ಅಷ್ಟೂ ತಿಳಿಯದೆ? ಆದರೆ ಹೇಳಿದರೆ ಹೊಸ ಚೀಲ ನೇಯಬೇಕು. ಅಲ್ಲಿಯವರೆಗೆ ಮತ್ತೆ ಎಣ್ಣೆ. ಇನ್ನೊಂದು ಚೀಲ ಎಣ್ಣೆ ಹೊರುವುದೂ ಅವಳಿಗೆ ಬೇಡವಾಗಿತ್ತು.

ಚೀಲದಲ್ಲಿ ಉಳಿದಿದ್ದ ಗಾಳಿಗೆ ಪಂಪು ನಾಲ್ಕು ಸಲ ತಿರುಗಿ ಒಂದಿಷ್ಟು ನೀರೆತ್ತಿತು. ನೆರೆದವರಿಗೆ ಅಷ್ಟಕ್ಕೇ ಸಂಭ್ರಮ.

"ಹೊರೆ ಸರಿಯಾಗಿ ಬಂತಾ, ಚೌಡಕ್ಕ?" ಎಂದು ಕಾಡುಕೋಣ ಕೇಳಿದ.

"ಬಂತು," ಎಂದಳು ಚೌಡಕ್ಕ.

ಎರಡನೆಯ ದಿನವೂ ಹಾಗೇ ಹೇಳಿದಳು. ಮೂರನೆಯ ದಿನ ಕೊಳದಿಂದ ಬಂಗಾರಿ ಎಂಬ ಮೀನು ತಲೆ ಎತ್ತಿದಳು. ಅವಳ ಸುತ್ತ ಎಳ್ಳಿನಷ್ಟು ಸಣ್ಣ ಮರಿಗಳು ಆಡುತ್ತಿದ್ದವು.

"ಚೌಡಕ್ಕ, ಮಕ್ಕಳು ಮೊನ್ನೆ ತಾನೇ ಮೊಟ್ಟೆಯಿಂದ ಬಂದಿವೆ. ಈ ಬೇಸಿಗೆಗೆ ನೀರು ಬರುತ್ತೆ ತಾನೇ?"

"ಬರುತ್ತಮ್ಮ," ಎಂದು ಚೌಡಕ್ಕ ಬೇರೆ ಕಡೆ ನೋಡಿದಳು.

ಮಾರನೆಯ ದಿನ ಕಾಡುಕೋಣ ಎಣ್ಣೆಯ ಗುಂಡಿಗೆ ಬಂಡೆ ಉರುಳಿಸಿ ಮುಚ್ಚಿಸಿದ. "ಇನ್ನಷ್ಟು ದಿನ ತೆರೆದಿರಲಿ" ಎಂದು ಕೆಂಚಣ್ಣ ಬೇಡಿಕೊಂಡ. "ಹೊತ್ತವಳೇ ಸರಿ ಅಂದ ಮೇಲೆ ಇನ್ನೇನಪ್ಪ ನಿಂದು?" ಎಂದು ಕಾಡುಕೋಣ ಅವನ ಬಾಯಿ ಮುಚ್ಚಿಸಿದ.

ಪಂಪು ಓಡಬೇಕಾಗಿದ್ದದ್ದು ದಿನವಿಡೀ. ಚೌಡಕ್ಕ ತಂದ ಗಾಳಿ ಒಂದು ಗಳಿಗೆಗೂ ಸಾಲಲಿಲ್ಲ. ಎಷ್ಟು ಸಲ ಓಡಾಡಿದರೂ ಅಷ್ಟೇ. ಬಿಸಿಲು ಸುಮ್ಮನಿರುತ್ತದೆಯೇ? ನಾಲ್ಕೇ ದಿನದಲ್ಲಿ ಕೊಳದ ಅಂಚು ಒಣಗಿ ಬಿರುಕು ಬಿಟ್ಟಿತು. ಮರಿಗಳು ಕೆಸರಿನಲ್ಲಿ ಬಾಯಿ ಬಿಡತೊಡಗಿದವು.

ಕೆಂಚಣ್ಣ ಓಡಿಬಂದು ಪದ್ಧತಿ ಮರೆತು ಚೌಡಕ್ಕನ ಬೆನ್ನ ಮೇಲಿನ ಚೀಲ ಮುಟ್ಟಿ ನೋಡಿದ.

"ಖಾಲಿಯಾಗಿದೆಯಲ್ಲಕ್ಕ. ನಿನಗೆ ಗೊತ್ತಾಗ್ಲಿಲ್ವಾ?"

"ಮೊದಲ ದಿನವೇ ಗೊತ್ತಾಯ್ತು."

ಕೆಂಚಣ್ಣ ಚೀಲ ಬಿಚ್ಚಿ ಕೆಳಗಿಟ್ಟ. ಬೈಯಲು ಅವನಿಗೂ ತ್ರಾಣವಿರಲಿಲ್ಲ. "ಹೇಳಿದ್ರೆ ಗೀಜಗಗಳು ಎರಡು ಪದರ ನೇಯ್ದು ನಡುವೆ ಮೇಣ ತುಂಬ್ತಿದ್ವು. ಹದಿನೈದು ದಿನದ ಕೆಲಸ."

"ಆ ಹದಿನೈದು ದಿನ ಎಣ್ಣೆ ಹೊರೋಕೆ ನನ್ನ ಕೈಲಾಗ್ತಿರ್ಲಿಲ್ಲಪ್ಪ. ಸಾಕಾಗಿಹೋಗಿತ್ತು."

"ಅದನ್ನಾದ್ರೂ ಹೇಳಬಹುದಿತ್ತು. ಯಜಮಾನ್ರು ಹೊರ್ತಿದ್ರು."

ಕೊಳದ ದಡದಲ್ಲಿ ನೆರೆದಿದ್ದವರೆಲ್ಲ ಅಲ್ಲೇ ನಿಂತಿದ್ದ ಕಾಡುಕೋಣದ ಅಗಲವಾದ ಬೆನ್ನನ್ನು ನೋಡಿದರು. ಇಷ್ಟು ವರ್ಷದಲ್ಲಿ ಅದರ ಮೇಲೆ ಒಂದು ಚೀಲವನ್ನೂ ಇಟ್ಟವರಿರಲಿಲ್ಲ. ಅವನು ತಲೆ ತಗ್ಗಿಸಿದ.

"ಹೊರ್ತಿದ್ದೆ," ಎಂದ. "ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ."

ಗುಂಡಿಯ ಬಾಯಿಗೆ ಕಚ್ಚಿಕೊಂಡಿದ್ದ ಬಂಡೆ ಎಷ್ಟು ತಳ್ಳಿದರೂ ಅಲುಗಲಿಲ್ಲ. ಗೀಜಗಗಳು ಹೊಸ ಚೀಲ ನೇಯಲು ಕೂತವು. ಚೌಡಕ್ಕ ಮತ್ತು ಕಾಡುಕೋಣ ಹೊಳೆಯಿಂದ ಗಡಿಗೆಗಳಲ್ಲಿ ನೀರು ಹೊತ್ತರು. ನೀರು ಎಣ್ಣೆಗಿಂತ ಭಾರ. ಚೌಡಕ್ಕನ ಬೋಳು ಬೆನ್ನು ಸುಲಿದು ಗಾಯವಾಯಿತು, ಆದರೂ ಅವಳು ನಿಲ್ಲಲಿಲ್ಲ. ಹೊತ್ತು ತಂದ ನೀರನ್ನು ಅರ್ಧಕ್ಕರ್ಧ ನೆಲವೇ ಕುಡಿಯುತ್ತಿತ್ತು.

ಹದಿನಾರನೆಯ ದಿನ ಹೊಸ ಚೀಲ ಬಂತು. ಕಾಡುಕೋಣವೇ ಅದನ್ನು ಹೊತ್ತು ತಂದ, ತಾನೇ ಎಲ್ಲರನ್ನೂ ಕರೆದು ಮುಟ್ಟಿ ನೋಡಿ ಎಂದ. ಚೀಲ ಬಿಗಿಯಾಗಿಯೇ ಇತ್ತು. ಪಂಪು ಹೊಗೆಯಿಲ್ಲದೆ ಓಡಿತು. ಯಾರೂ ಕುಣಿಯಲಿಲ್ಲ.

ಚೌಡಕ್ಕ ಮಾತ್ರ ಇನ್ನೊಂದು ಗಡಿಗೆ ನೀರು ಹೊತ್ತುಕೊಂಡು ಕೊಳದ ದಡಕ್ಕೆ ಬಂದಳು. ಬಂಗಾರಿ ಮೇಲೆ ಬಂದಳು. ಅವಳ ಹಿಂದೆ ಮೂರೇ ಮರಿಗಳಿದ್ದವು.

"ನೀರು ತಂದಿದ್ದೀನಿ, ಬಂಗಾರಿ."

"ಇನ್ನು ಬೇಡ ಚೌಡಕ್ಕ, ಹೋಗಿ ಮಲಗು," ಎಂದಳು ಬಂಗಾರಿ. "ಉಳಿದವಕ್ಕೆ ಈಗಿರೋ ನೀರೇ ಸಾಕು."

ನೀತಿ: ಹೊಸದನ್ನು ಪರೀಕ್ಷಿಸುವಾಗ ಕಂಡ ದೋಷವನ್ನು ಆಗಲೇ ಹೇಳಬೇಕು, ದಣಿವಾಗಿದ್ದರೆ ದಣಿವನ್ನೂ ಹೇಳಬೇಕು, ಮುಚ್ಚಿಟ್ಟರೆ ಅದರ ಪೆಟ್ಟು ನಮ್ಮನ್ನು ನಂಬಿದವರಿಗೆ ಬೀಳುತ್ತದೆ.