ಅರ್ಧ ತಾಸಿನ ಪರೀಕ್ಷೆ

ಕೃಷ್ಣಾ ಹಿನ್ನೀರಿನ ದಡದ ಒಂದು ಪಟ್ಟಣದಲ್ಲಿ ಹುಸೇನಸಾಬ ನದಾಫ ಎಂಬುವರು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದರು. ಅವರ ಬಳಿ ಕೆಲಸ ಕಲಿತವರಲ್ಲಿ ನೀಲಾಂಬಿಕಾಳಷ್ಟು ಚುರುಕಿನವರು ಬೇರೆ ಇರಲಿಲ್ಲ. ಆರು ವರ್ಷದಲ್ಲಿ ಅವಳ ಕೈಯಿಂದ ಕೆಟ್ಟು ಹೋದ ಮಷೀನು ಒಂದೂ ಇಲ್ಲ. ಅದು ಅವಳಿಗೂ ಗೊತ್ತಿತ್ತು.

ಹೊಸ ಮೆಮೊರಿ ಹಾಕುವಾಗ ಹುಸೇನಸಾಬರದು ಒಂದು ಕಟ್ಟುನಿಟ್ಟು. ಮೆಮೊರಿ ಸ್ಟಿಕ್ಕಿನ ಮೇಲೆ ಅದು ಎಷ್ಟು ವೇಗದಲ್ಲಿ ಓಡಬಲ್ಲದು ಎಂಬ ಸಂಖ್ಯೆ ಬರೆದಿರುತ್ತದೆ. ಆದರೆ ಮಷೀನು ತಾನಾಗಿ ಆ ವೇಗ ಹಿಡಿಯುವುದಿಲ್ಲ, ಕಡಿಮೆ ವೇಗದಲ್ಲಿ ಹುಷಾರಾಗಿ ಓಡುತ್ತದೆ. ಬಯಾಸ್ ಎಂಬ ಮೂಲ ಸೆಟ್ಟಿಂಗಿನ ಒಳಗೆ ಹೋಗಿ ನಾವೇ ಏರಿಸಬೇಕು. ಏರಿಸುವುದು ತಪ್ಪಲ್ಲ ಎನ್ನುತ್ತಿದ್ದರು ಹುಸೇನಸಾಬರು. ಆದರೆ ಕಂಪನಿ ಹೇಳಿದ್ದು ಆ ಸ್ಟಿಕ್ಕಿನ ಮಾತು. ಈ ಬೋರ್ಡು, ಈ ಪ್ರೊಸೆಸರು ಆ ವೇಗವನ್ನು ತಾಳುತ್ತವೆಯೋ ಇಲ್ಲವೋ ನಾವೇ ನೋಡಬೇಕು. ಎರಡರ ಬದಲು ನಾಲ್ಕು ಸ್ಟಿಕ್ ಹಾಕಿದರೆ ಭಾರ ಇನ್ನೂ ಹೆಚ್ಚು. ಅದಕ್ಕೆ ವೇಗ ಏರಿಸಿದ ಮೇಲೆ ಒಂದು ಹಗಲು ಪೂರ್ತಿ ಪರೀಕ್ಷೆ ಓಡಿಸಬೇಕು. ಒಂದೇ ಒಂದು ತಪ್ಪು ಬಂದರೂ ವೇಗ ಒಂದು ಮೆಟ್ಟಿಲು ಇಳಿಸಿ ಮತ್ತೆ ಮೊದಲಿನಿಂದ. ಅಲ್ಲಿಯವರೆಗೆ ಯಾರ ಕಡತವನ್ನೂ ಆ ಮಷೀನಿಗೆ ಮುಟ್ಟಿಸಬಾರದು, ನಕಲಾಗುವ ಕಡತವೆಲ್ಲ ಮೆಮೊರಿಯ ಮೂಲಕವೇ ಹಾಯುತ್ತದೆ.

“ಡಿಸ್ಕ್ ಕೆಡೂ ಮುಂದ ಸಪ್ಪಳ ಮಾಡ್ತದ. ಮೆಮೊರಿ ತಪ್ಪು ಮಾಡಿದ್ರ ಸಪ್ಪಳಿಲ್ಲ,” ಎಂದು ಅವರು ಹೇಳುತ್ತಿದ್ದರು.

ಒಂದು ದಿನ ಫೋಟೋಗ್ರಾಫರ್ ಗುರುಸಿದ್ಧಪ್ಪ ಅಂಗಡಿಗೆ ಬಂದರು. ಎಪ್ಪತ್ತರ ಮೇಲಿನ ವಯಸ್ಸು. ಅಣೆಕಟ್ಟೆಯ ನೀರು ಏರುವ ಮುಂಚೆ, ಮುಳುಗಲಿದ್ದ ಮೂರು ಊರುಗಳ ಪ್ರತಿ ಮನೆಯ ಮುಂದೆ ಆ ಮನೆಯವರನ್ನು ನಿಲ್ಲಿಸಿ ಅವರು ಫೋಟೋ ತೆಗೆದಿದ್ದರು. ಯಾರೂ ತೆಗೆಯಿರಿ ಅಂದಿರಲಿಲ್ಲ. ನಾಲ್ಕು ಸಾವಿರದ ಇನ್ನೂರು ಫೋಟೋ. ನೆಗೆಟಿವ್‌ಗಳು ಬೂಷ್ಟು ಹತ್ತಿ ಹಾಳಾಗಿದ್ದವು. ಅದಕ್ಕೂ ಮೊದಲೇ ಸ್ಕ್ಯಾನ್ ಮಾಡಿ ಹಾಕಿಕೊಂಡಿದ್ದ ಒಂದು ಹಳೆಯ ಡಿಸ್ಕಿನಲ್ಲಿ ಮಾತ್ರ ಎಲ್ಲ ಉಳಿದಿತ್ತು. ಈಗ ಆ ಡಿಸ್ಕೂ ಟಿಕ್ ಟಿಕ್ ಎನ್ನತೊಡಗಿತ್ತು. ಹೊಸ ಮಷೀನು ಕಟ್ಟಿ, ಫೋಟೋಗಳನ್ನು ಎರಡು ಹೊಸ ಡಿಸ್ಕಿಗೆ ಇಳಿಸಿಕೊಡಿ ಎಂದು ಕೇಳಿಕೊಂಡರು.

ಹುಸೇನಸಾಬರಿಗೆ ಅದೇ ವಾರ ಹುಬ್ಬಳ್ಳಿಯಲ್ಲಿ ಕಣ್ಣಿನ ಆಪರೇಷನ್ ಇತ್ತು. ಕೆಲಸವನ್ನು ನೀಲಾಂಬಿಕಾಳಿಗೆ ಒಪ್ಪಿಸಿ ಹೋದರು.

ಅವಳು ಮಷೀನು ಕಟ್ಟಿದಳು. ನಾಲ್ಕು ಸ್ಟಿಕ್ ಮೆಮೊರಿ ಹಾಕಿದಳು. ಅವುಗಳ ಮೇಲೆ ಮೂರು ಸಾವಿರದ ಆರುನೂರು ಎಂದಿತ್ತು. ಮಷೀನು ಎರಡು ಸಾವಿರದ ನಾನೂರಕ್ಕೆ ಶುರುವಾಯಿತು. ಬಯಾಸ್‌ಗೆ ಹೋಗಿ ಬರೆದಷ್ಟಕ್ಕೇ ಏರಿಸಿದಳು. ಮಷೀನು ಸಲೀಸಾಗಿ ಎದ್ದಿತು. ಪರೀಕ್ಷೆ ಹಚ್ಚಿದಳು. ಅರ್ಧ ತಾಸು ಆಯಿತು, ಒಂದೂ ತಪ್ಪಿಲ್ಲ.

ಎದುರಿಗೆ ಬೆಂಚಿನ ಮೇಲೆ ಗುರುಸಿದ್ಧಪ್ಪ ಕೂತಿದ್ದರು. ಹಳೆಯ ಡಿಸ್ಕಿನ ಸಪ್ಪಳ ಅವರಿಗೂ ಕೇಳುತ್ತಿತ್ತು. ಡಿಸ್ಕ್ ಯಾವಾಗ ನಿಲ್ಲುತ್ತದೋ ಎಂಬ ಅಂಜಿಕೆ ಇಬ್ಬರಿಗೂ ಇತ್ತು. ಕಾಯಲು ಆಗದಿದ್ದರೆ ಮಾಡಬೇಕಾದದ್ದು ಏನೆಂದು ನೀಲಾಂಬಿಕಾಳಿಗೆ ಚೆನ್ನಾಗಿ ಗೊತ್ತಿತ್ತು: ವೇಗವನ್ನು ಮೊದಲಿನ ಎರಡು ಸಾವಿರದ ನಾನೂರಕ್ಕೆ ತಂದು ಫೋಟೋಗಳನ್ನು ನಕಲು ಮಾಡಿಕೊಳ್ಳುವುದು, ಪರೀಕ್ಷೆ ಆಮೇಲೆ. ಎರಡು ನಿಮಿಷದ ಕೆಲಸ. ಆದರೆ ಬರೆದ ವೇಗಕ್ಕೆ ಓಡುತ್ತಿರುವ ಮಷೀನನ್ನು ಇಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಕಂಪನಿಯವರೇ ಬರೆದ ಸಂಖ್ಯೆ, ನಾನೇನೂ ಮಿತಿ ಮೀರಿಲ್ಲವಲ್ಲ ಅಂದುಕೊಂಡಳು.

“ಎಲ್ಲಾ ಪರೀಕ್ಷೆ ಆತೇನವಾ?” ಎಂದು ಗುರುಸಿದ್ಧಪ್ಪ ಕೇಳಿದರು.

“ಆತ್ರಿ ಕಾಕಾ,” ಅಂದಳು.

ಸಂಜೆಯೊಳಗೆ ಫೋಟೋಗಳೆಲ್ಲ ಎರಡೂ ಹೊಸ ಡಿಸ್ಕಿಗೆ ಇಳಿದವು. ಹತ್ತಿಪ್ಪತ್ತು ತೆರೆದು ತೋರಿಸಿದಳು, ಚೆನ್ನಾಗಿದ್ದವು. ನಡುವೆ ಒಮ್ಮೆ ಮಷೀನು ತಾನೇ ಆರಿ ಹತ್ತಿತ್ತು. ಕರೆಂಟಿನದಿರಬೇಕು ಎಂದು ಬಿಟ್ಟಿದ್ದಳು. ಎರಡು ದಿನ ಕಳೆದು ಹಳೆಯ ಡಿಸ್ಕ್ ತಿರುಗುವುದನ್ನೇ ನಿಲ್ಲಿಸಿತು. ಸರಿಯಾದ ಹೊತ್ತಿಗೆ ಉಳಿಸಿದೆ ಎಂದು ಗುರುಸಿದ್ಧಪ್ಪ ಅವಳ ಕೈ ಹಿಡಿದು ಹೇಳಿದರು.

ಮರುವಾರ, ಮುಳುಗಿದ ಊರವರು ಈಗಿರುವ ಪುನರ್ವಸತಿ ಕೇಂದ್ರದಿಂದ ಸಂಗವ್ವ ಎಂಬ ಮುದುಕಿ ಗುರುಸಿದ್ಧಪ್ಪನವರ ಸ್ಟುಡಿಯೋಗೆ ಬಂದಳು. ಹೊಸ ಜಾಗಕ್ಕೆ ಬಂದ ವರ್ಷವೇ ತಗಡಿನ ಶೆಡ್ಡಿನಲ್ಲಿ ಜ್ವರ ಬಂದು ಅವಳ ನಾಲ್ಕು ವರ್ಷದ ಮಗ ತೀರಿಕೊಂಡಿದ್ದ. ಅವನ ಫೋಟೋ ಇರುವುದು ಅದೊಂದೇ, ಮುಳುಗಿದ ಮನೆಯ ಹೊಸ್ತಿಲ ಮೇಲೆ ನಿಂತದ್ದು. ಹಿಂದಿನ ತಿಂಗಳು ಗುರುಸಿದ್ಧಪ್ಪ ಅದನ್ನು ಹಳೆಯ ಮಷೀನಿನಲ್ಲಿ ಅವಳಿಗೆ ತೋರಿಸಿದ್ದರು. ದೊಡ್ಡದು ಮಾಡಿ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರು.

ಈಗ ತೆರೆದರೆ ಮನೆಯ ಜಂತಿ ಕಂಡಿತು, ಬಾಗಿಲ ಮೇಲುಪಟ್ಟಿ ಕಂಡಿತು, ಹುಡುಗನ ತಲೆಗೂದಲು ಕಂಡಿತು. ಅಲ್ಲಿಂದ ಕೆಳಗೆ ಬರೀ ಬೂದು ಬಣ್ಣ. ಎರಡನೆಯ ಡಿಸ್ಕಿನಲ್ಲೂ ಹಾಗೆಯೇ. ಮೊದಲನೆಯ ಡಿಸ್ಕಿನಿಂದಲೇ ಅದಕ್ಕೆ ನಕಲು ಮಾಡಿದ್ದಳು ನೀಲಾಂಬಿಕಾ.

ಆ ಹೊತ್ತಿಗೆ ಹುಸೇನಸಾಬರು ಕರಿ ಕನ್ನಡಕ ಹಾಕಿಕೊಂಡು ಊರಿಗೆ ಬಂದಿದ್ದರು. ಮಷೀನು ಅಂಗಡಿಗೆ ಬಂತು. ಅವರು ಪರೀಕ್ಷೆ ಹಚ್ಚಿ ಕೂತರು. ಮೊದಲ ತಾಸು ಏನೂ ಇಲ್ಲ. ಎರಡನೆಯ ತಾಸಿನಲ್ಲಿ ಪರದೆಯ ಮೇಲೆ ಕೆಂಪು ಸಾಲು ಬಂತು. ಹಿಂದೆಯೇ ಇನ್ನಷ್ಟು. ವೇಗ ಒಂದು ಮೆಟ್ಟಿಲು ಇಳಿಸಿ ಮತ್ತೆ ಹಚ್ಚಿದರು. ಸಂಜೆಯವರೆಗೂ ಒಂದು ತಪ್ಪೂ ಬರಲಿಲ್ಲ. ಬರೆದ ವೇಗಕ್ಕೂ ಈ ವೇಗಕ್ಕೂ ಇದ್ದ ಅಂತರ ಬಳಸುವವರ ಕಣ್ಣಿಗೆ ತಿಳಿಯುವಂಥದ್ದೇ ಅಲ್ಲ.

ಒಂದೊಂದೇ ಫೋಟೋ ತೆರೆದು ನೋಡಿದರು. ಮುನ್ನೂರ ನಲವತ್ತು ಹಾಳಾಗಿದ್ದವು. ಹಳೆಯ ಡಿಸ್ಕನ್ನು ಬೆಂಗಳೂರಿಗೆ ಕಳಿಸಿ ನೋಡಿದರು. ಒಳಗಿನ ತಟ್ಟೆಯೇ ಗೀರಿ ಹೋಗಿದೆ, ಏನೂ ಬರುವುದಿಲ್ಲ ಎಂಬ ಉತ್ತರ ಬಂತು.

ಮೆಮೊರಿಯೇ ಕೆಟ್ಟದ್ದಿತ್ತೇನೋ ಎಂದು ನೀಲಾಂಬಿಕಾ ತಗ್ಗಿದ ದನಿಯಲ್ಲಿ ಕೇಳಿದಳು.

“ಮೆಮೊರಿ ಛಲೋನ ಐತಿ,” ಅಂದರು ಹುಸೇನಸಾಬರು. “ಪರೀಕ್ಷೆ ಆಗಿಲ್ಲ ಅಂದಿದ್ರ ಗುರುಸಿದ್ಧಪ್ಪ ಕಾಯ್ತಿದ್ರು. ನೀ ಆಗೇತಿ ಅಂದಿ.”

ಅವರು ಬೈಯಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ. ಗುರುಸಿದ್ಧಪ್ಪ ಹಾಳಾದ ಮನೆಗಳ ಪಟ್ಟಿಯನ್ನು ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟುಕೊಂಡರು. ಆಮೇಲೆ ಅವರು ಸ್ಟುಡಿಯೋ ಬಾಗಿಲು ತೆರೆದದ್ದನ್ನು ಯಾರೂ ನೋಡಲಿಲ್ಲ.

ಆ ಪಟ್ಟಿಯ ಇನ್ನೊಂದು ಪ್ರತಿ ಹಿಡಿದು ನೀಲಾಂಬಿಕಾ ಪುನರ್ವಸತಿ ಕೇಂದ್ರಕ್ಕೆ ಹೋದಳು. ಮನೆಮನೆಗೆ ಹೋಗಿ ತಪ್ಪು ತನ್ನದೆಂದು ಹೇಳಿದಳು. ಕೆಲವರು ಬೈದರು. ಕೆಲವರಿಗೆ ಅವಳು ಹೇಳಿದ್ದು ಅರ್ಥವೇ ಆಗಲಿಲ್ಲ. ಸಂಗವ್ವ ಅವಳನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಪೂರ್ತಿ ಕೇಳಿಸಿಕೊಂಡಳು.

“ಅವನ ಮಾರಿ ನನಗ ನೆನಪೈತಿ,” ಎಂದಳು ಕೊನೆಗೆ. “ನಾ ಸತ್ತ ಮ್ಯಾಲ ಅದನ್ನ ನೋಡಿದವರು ಯಾರೂ ಉಳಿಯೂದಿಲ್ಲ.”

ನೀಲಾಂಬಿಕಾ ನೀರಿನ ಲೋಟ ಕೆಳಗಿಟ್ಟಳು. ಎದ್ದು ಪಕ್ಕದ ಮನೆಗೆ ಹೋದಳು. ಪಟ್ಟಿಯಲ್ಲಿ ಇನ್ನೂ ಇನ್ನೂರು ಮನೆ ಉಳಿದಿದ್ದವು.

ನೀತಿ: ಬರೆದಿಟ್ಟ ವೇಗದಲ್ಲಿ ಓಡಿಸುವುದು ತಪ್ಪಲ್ಲ, ಪೂರ್ತಿ ಪರೀಕ್ಷಿಸದೆ ಬೇರೆಯವರ ಅಮೂಲ್ಯವಾದದ್ದನ್ನು ಅದಕ್ಕೆ ಒಪ್ಪಿಸುವುದು ತಪ್ಪು. ಪರೀಕ್ಷೆ ಮುಗಿಯದಿದ್ದರೆ ಮುಗಿದಿಲ್ಲ ಎಂದೇ ಹೇಳಿ. ಒಪ್ಪಿಕೊಂಡ ತಪ್ಪಿಗೆ ಕ್ಷಮೆ ಸಿಗಬಹುದು, ಕಳೆದುಹೋದದ್ದು ಸಿಗುವುದಿಲ್ಲ.