ಹೊಸ ಪ್ಲೇಟು, ಹಳೆ ಗುಳಿ

"ಗುರುಗಳೇ, ನಾವೇ ಮೇಲೆ ಕೂರಿಸಿದ ನಮ್ಮವನು ನಮ್ಮನ್ನೇ ಯಾಕೆ ತುಳಿಯುತ್ತಾನೆ?" ಎಂದು ಹುಲಿಗೆಮ್ಮ ಕೇಳಿದಳು.

ಹುಲಿಗೆಮ್ಮ ಬೀದಿ ಗುಡಿಸುವವಳು. ಅವಳ ಊರಿನಲ್ಲಿ ಬೆಳಿಗ್ಗೆ ಕೆಲಸ ಹಂಚುವವನು ಮೇಸ್ತ್ರಿ. ಅವನು ಕುರ್ಚಿಯಲ್ಲಿ ಕೂರುತ್ತಾನೆ, ಹೆಂಗಸರು ಪೊರಕೆ ಹಿಡಿದು ಎದುರಿಗೆ ನಿಲ್ಲುತ್ತಾರೆ. ಅವನು ಬೆರಳು ತೋರಿಸಿದವಳಿಗೆ ಅಂದು ಕೆಲಸ. ತೋರಿಸದವಳು ಮನೆಗೆ. ಹಳೆಯ ಮೇಸ್ತ್ರಿ ಹೊರಗಿನವನು, ಹೊಲಸು ಬಾಯಿಯವನು. ಹೆಂಗಸರೆಲ್ಲ ಪೊರಕೆ ಕೆಳಗಿಟ್ಟು ಕೂತರು. ಊರು ನಾರಿತು, ಅವನು ಹೋದ. ತಮ್ಮ ಕೇರಿಯವನನ್ನೇ ಮೇಸ್ತ್ರಿ ಮಾಡಿಸಿಕೊಂಡರು. ಹಳೆಯವನ ಕುರ್ಚಿಯನ್ನು ತಾವೇ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಅವನನ್ನು ಅದರ ಮೇಲೆ ಕೂರಿಸಿದರು. ವರ್ಷ ತುಂಬುವುದರೊಳಗೆ ಅವನ ಬೆರಳೂ ಹಾಗೇ ಆಡತೊಡಗಿತು. ಕೈಗವಸು ಕೇಳಿದಳೆಂದು ಹುಲಿಗೆಮ್ಮನ ನಾದಿನಿಯನ್ನು ವಾರವಿಡೀ ಮನೆಗೆ ಅಟ್ಟಿದ. ಈಗ ಅವನನ್ನೂ ಇಳಿಸುವುದೆಂದು ಕೇರಿ ತೀರ್ಮಾನಿಸಿತ್ತು. ಮರುದಿನದಿಂದ ಮೇಸ್ತ್ರಿ ಹುಲಿಗೆಮ್ಮನೇ.

ನಮ್ಮ ರಕ್ತವೇ ಕೆಟ್ಟದ್ದೋ, ಆರಿಸಿದ್ದರಲ್ಲಿ ತಪ್ಪಿದೆವೋ ಎಂದು ಅವಳು ಮತ್ತೆ ಕೇಳಿದಳು. ಗುರುಗಳು ರಕ್ತದ ಮಾತಿಗೆ ಹೋಗಲಿಲ್ಲ. ಈ ಕತೆ ಹೇಳಿದರು.

ಕಡಲ ಕಡೆ ಒಬ್ಬ ಮೀನು ಮಾರುವವನಿದ್ದ. ದೋಣಿ ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಕೊಂಡು, ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿ, ಹಾರ್ನ್ ಬಾರಿಸುತ್ತಾ ಒಳಗಿನ ಹಳ್ಳಿಗಳಿಗೆ ಹೋಗುತ್ತಿದ್ದ. ಹಾರ್ನ್ ಕೇಳಿದ ಮನೆಯವರು ಪಾತ್ರೆ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಅವನ ಹೊಟ್ಟೆ ತುಂಬುತ್ತಿದ್ದುದು ಬೈಕು ಓಡುವುದರಿಂದಲ್ಲ, ಬಾಗಿಲು ಬಾಗಿಲಿಗೆ ನಿಲ್ಲುವುದರಿಂದ.

ಆ ಬೈಕು ನಿಲ್ಲುವುದನ್ನು ಬಿಟ್ಟಿತು. ಕ್ಲಚ್ ಹಿಡಿದರೆ ಎಂಜಿನ್ನು ಚಕ್ರವನ್ನು ಬಿಟ್ಟುಕೊಡಬೇಕು. ಇವನು ಬೆರಳು ಬಿಳಿಚುವಷ್ಟು ಬಿಗಿ ಹಿಡಿದರೂ ಅದು ಬಿಡುತ್ತಿರಲಿಲ್ಲ. ನ್ಯೂಟ್ರಲ್ ಬೀಳುತ್ತಿರಲಿಲ್ಲ. ಬ್ರೇಕ್ ಒತ್ತಿದರೆ ಎಂಜಿನ್ನು ಸಾಯುತ್ತಿತ್ತು. ಬ್ರೇಕ್ ಸಡಿಲಿಸಿದರೆ ಗಾಡಿ ತಾನೇ ಮುಂದಕ್ಕೆ ತೆವಳುತ್ತಿತ್ತು. ಹೆಂಗಸರು ಪಾತ್ರೆ ಹಿಡಿದು ಹಿಂದೆ ಓಡಿದರು. ಮೊದಲು ನಕ್ಕರು, ಆಮೇಲೆ ಬೈದರು.

ಮೆಕ್ಯಾನಿಕ್ ಮೊದಲು ಕೇಬಲ್ ಬಿಗಿದ. ಸರಿಯಾಗಲಿಲ್ಲ. ಒಳಗೆ ಬಿಚ್ಚಿ ನೋಡಿ, ಎಂಜಿನ್ನನ್ನು ಚಕ್ರಕ್ಕೆ ಕೂಡಿಸಿ ಬಿಡಿಸುವ ಕ್ಲಚ್ ಪ್ಲೇಟುಗಳು ಹೋಗಿವೆ ಎಂದು ಹೊಸವು ಹಾಕಿದ. ಕೆಲವು ದಿನ ಬೈಕು ಹೇಳಿದಲ್ಲಿ ನಿಂತಿತು. ಮೀನಿನವನಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಮತ್ತೆ ಅದೇ ತೆವಳಾಟ. ಅಂಗಡಿಯವನು ನಕಲಿ ಮಾಲು ಕೊಟ್ಟ, ಈಗಿನ ಕಾಲದಲ್ಲಿ ಯಾವ ಪ್ಲೇಟನ್ನೂ ನಂಬುವ ಹಾಗಿಲ್ಲ ಎಂದು ಮೆಕ್ಯಾನಿಕ್ ಅವುಗಳನ್ನು ಕಿತ್ತು ಮೂಲೆಗೆ ಎಸೆದ. ಮೀನಿನವನೂ ಆ ಮೂಲೆಗೆ ಉಗಿದ. ಬೈಯಲು ಒಂದು ಪ್ಲೇಟು ಸಿಕ್ಕರೆ ಸಾಕು, ಮನುಷ್ಯ ಬೇರೇನನ್ನೂ ನೋಡುವುದಿಲ್ಲ. ಇನ್ನೂ ಒಳ್ಳೆಯವೆಂದು ಬೇರೆ ಪ್ಲೇಟು ತರಿಸಿದರು. ಅವೂ ಕೆಲವು ದಿನ ನೆಟ್ಟಗಿದ್ದವು.

ಆಮೇಲೆ ಒಂದು ಬೆಳಿಗ್ಗೆ, ಇಳಿಜಾರಿನ ಒಂದು ಮನೆಯ ಮುಂದೆ, ಮುದುಕಿಯೊಬ್ಬಳು ತಟ್ಟೆ ಚಾಚಿ ಎದುರಿಗೆ ಬಂದಳು. ಇವನು ಕ್ಲಚ್ ಹಿಡಿದ, ಬ್ರೇಕಿನ ಮೇಲಿನ ಕಾಲು ಕೊಂಚ ಎತ್ತಿದ. ಬೈಕು ಮುಂದಕ್ಕೆ ಹಾರಿತು. ತಟ್ಟೆ ಚರಂಡಿಗೆ ಬಿತ್ತು, ಮುದುಕಿ ಬೇಲಿಗೆ ಬಿದ್ದಳು. ಮೊಣಕೈ ತರಚಿದ್ದು ಬಿಟ್ಟರೆ ಪೆಟ್ಟಾಗಲಿಲ್ಲ. ಎದ್ದು ಕೂತು ಸೀರೆಯ ಮುಳ್ಳು ಕೀಳುತ್ತಾ ಹೇಳಿದಳು:

"ನನ್ನನ್ನು ಕೊಂದು ಬಂಗುಡೆ ಯಾರಿಗೆ ಮಾರುತ್ತೀಯೋ ಮಾರಾಯಾ? ನಿಲ್ಲಲು ಕಲಿತ ಮೇಲೆ ಬಾ."

ಆ ದಾರಿಯ ಮನೆಗಳೆಲ್ಲ ಅದನ್ನೇ ಹೇಳಿದವು. ಮೀನು ಪೆಟ್ಟಿಗೆಯಲ್ಲೇ ಉಳಿಯಿತು, ಮಧ್ಯಾಹ್ನಕ್ಕೆ ಕೆಟ್ಟಿತು. ಅವನಿಗೆ ನಷ್ಟಕ್ಕಿಂತ ಮುದುಕಿಯ ಮೊಣಕೈ ಹೆಚ್ಚು ಚುಚ್ಚಿತು. ಇಳಿಜಾರು ಇನ್ನಷ್ಟು ಕಡಿದಾಗಿದ್ದರೆ ಎಂದು ಯೋಚಿಸಿ ಅವನು ಗಾಡಿಯನ್ನು ತಳ್ಳಿಕೊಂಡೇ ಹೋದ.

ಈ ಸಲ ಅವನು ಗ್ಯಾರೇಜಿನಲ್ಲಿ ಗಾಡಿ ಬಿಟ್ಟು ಹೋಗಲಿಲ್ಲ. ಪಕ್ಕದಲ್ಲೇ ಕೂತ. ಮೆಕ್ಯಾನಿಕ್ ಪ್ಲೇಟುಗಳನ್ನು ಹೊರಗೆ ತೆಗೆದು, ಅವು ಕೂರುವ ಬಟ್ಟಲಿನಂಥ ಹೌಸಿಂಗನ್ನು ಇವನ ಕೈಗೆ ಕೊಟ್ಟು, ಇನ್ನೊಂದು ಜೊತೆ ಪ್ಲೇಟು ತರಿಸುವ ಮಾತಾಡುತ್ತಿದ್ದ. ಆ ಬಟ್ಟಲಿನ ಸುತ್ತ ಸೀಳುಗಳಿದ್ದವು. ಪ್ಲೇಟುಗಳ ಹಲ್ಲು ಆ ಸೀಳುಗಳಲ್ಲಿ ಕೂತು ಹಿಂದೆ ಮುಂದೆ ಜಾರಬೇಕು. ಮೀನಿನವನು ಒಂದು ಸೀಳಿನ ಅಂಚಿಗೆ ಉಗುರು ಇಟ್ಟು ಎಳೆದ. ಉಗುರು ತಡೆಯಿತು. ಮತ್ತೆ ಎಳೆದ, ಮತ್ತೆ ತಡೆಯಿತು. ಅಂಚಿನುದ್ದಕ್ಕೂ ಸಣ್ಣ ಸಣ್ಣ ಗುಳಿಗಳು. ಇದೇನೆಂದು ಕೇಳಿದ.

"ಅದು ಮೊದಲಿಂದಲೂ ಹಾಗೇ ಇರುವುದು. ಅದನ್ನು ಯಾರೂ ಮುಟ್ಟುವುದಿಲ್ಲ" ಎಂದ ಮೆಕ್ಯಾನಿಕ್.

ಮೀನಿನವನು ಎದ್ದು ಹೋಗಿ ತನ್ನ ಪೆಟ್ಟಿಗೆಯ ಮೇಲಿದ್ದ ಮರದ ಹಲಗೆ ತಂದು ಅವನ ಮುಂದಿಟ್ಟ. ಗಿರಾಕಿಗಳಿಗೆ ಮೀನು ಕತ್ತರಿಸಿ ಕೊಡುವ ಹಲಗೆ. ಕತ್ತಿ ಒಂದೇ ಕಡೆ ಬಿದ್ದು ಬಿದ್ದು ಅಲ್ಲಿ ಗುಳಿಯಾಗುತ್ತದೆ. ಆಮೇಲೆ ಎಂಥ ಹೊಸ ಕತ್ತಿ ತಂದರೂ ಅದು ಗುಳಿಯ ಎರಡು ಅಂಚಿಗೆ ತಾಗಿ ನಿಲ್ಲುತ್ತದೆ, ನಡುವೆ ಸಿಕ್ಕ ಮೀನಿನ ಚರ್ಮ ಕಡಿಯುವುದಿಲ್ಲ.

"ನಾನು ಕತ್ತಿಯನ್ನು ಬೈಯುವುದಿಲ್ಲ. ಹಲಗೆ ಕೆತ್ತಿ ಸಮ ಮಾಡುತ್ತೇನೆ" ಎಂದ.

ಮೆಕ್ಯಾನಿಕ್ ಹೌಸಿಂಗನ್ನು ಬೆಳಕಿಗೆ ಹಿಡಿದು ತಿರುಗಿಸಿದ. ತಾನೂ ಅಂಚಿಗೆ ಉಗುರು ಎಳೆದು ನೋಡಿದ. ಹಳೆಯ ಪ್ಲೇಟುಗಳು ವರ್ಷಗಟ್ಟಲೆ ಬಡಿದು ಕೊರೆದ ಗುಳಿಗಳು ಅವು. ಹೊಸ ಪ್ಲೇಟು ಬಂದಾಗ ಕೆಲವು ದಿನ ಅದರ ಹಲ್ಲು ಅಂಚಿನ ಮೇಲೆ ನಿಲ್ಲುತ್ತಿತ್ತು. ಆಮೇಲೆ ಅದೂ ಹಳೆಯದರ ಗುಳಿಯೊಳಗೆ ಇಳಿಯುತ್ತಿತ್ತು. ಇಳಿದ ಮೇಲೆ ಎಷ್ಟು ಕ್ಲಚ್ ಹಿಡಿದರೂ ಪ್ಲೇಟುಗಳು ಒಂದನ್ನೊಂದು ಬಿಟ್ಟು ಸರಿಯುತ್ತಿರಲಿಲ್ಲ.

ಮೆಕ್ಯಾನಿಕ್ ಕಬ್ಬಿಣ ಉಜ್ಜುವ ಅರ ತೆಗೆದುಕೊಂಡ. ಗುಳಿಗಳು ಇನ್ನೂ ಆಳವಾಗಿದ್ದರೆ ಹೌಸಿಂಗನ್ನೇ ಎಸೆಯಬೇಕಿತ್ತು, ಈಗ ಉಜ್ಜಿದರೆ ಸಾಕು ಎಂದ. ಒಂದೊಂದೇ ಸೀಳನ್ನು ಉಜ್ಜಿದ. ಮೀನಿನವನು ಒಂದೊಂದಕ್ಕೂ ಉಗುರು ಎಳೆದು ನೋಡಿದ. ತಡೆದರೆ ತಿರುಗಿ ಕೊಟ್ಟ. ಬೇಸರದ ಕೆಲಸ. ಮೆರವಣಿಗೆ ಇಲ್ಲ, ಹಾರ ಇಲ್ಲ, ಬೈಯಲು ಎದುರಿಗೆ ಯಾರೂ ಇಲ್ಲ. ಅದಕ್ಕೇ ಇಷ್ಟು ದಿನ ಯಾರೂ ಮಾಡಿರಲಿಲ್ಲ.

ಮುಗಿದ ಮೇಲೆ ಮೆಕ್ಯಾನಿಕ್ ಹೊಸ ಪ್ಲೇಟು ತರಿಸಲಿಲ್ಲ. ನಕಲಿ ಎಂದು ಮೂಲೆಗೆ ಎಸೆದಿದ್ದವನ್ನೇ ಹೆಕ್ಕಿ, ಒರೆಸಿ, ಎಣ್ಣೆಯಲ್ಲಿ ನೆನೆಸಿ ಹಾಕಿದ. ಮೀನಿನವನು ತಾನು ಉಗಿದ ಪ್ಲೇಟುಗಳಿದ್ದ ಬೈಕಿನ ಮೇಲೆ ಕೂತು ಇಳಿಜಾರಿನ ಮನೆಗೆ ಹೋದ. ಮುದುಕಿ ಬೇಲಿಯ ಆಚೆಯೇ ನಿಂತು ತಟ್ಟೆ ಚಾಚಿದಳು. ಬೈಕು ನಿಂತಿತು. ತಿಂಗಳುಗಟ್ಟಲೆ, ಹೋದಾಗಲೆಲ್ಲ, ನಿಲ್ಲಿಸಿದಲ್ಲೇ ನಿಂತಿತು. ಆಮೇಲೆ ಅವಳು ಬೇಲಿ ದಾಟಿ ಈಚೆ ಬಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ನಮ್ಮ ಮೇಸ್ತ್ರಿಯದೇನೂ ತಪ್ಪಿಲ್ಲ ಅಂತೀರಾ?" ಹುಲಿಗೆಮ್ಮನ ದನಿ ಗಡುಸಾಗಿತ್ತು. "ನನ್ನ ನಾದಿನಿಯ ಮನೆಯಲ್ಲಿ ಒಲೆ ಉರಿಯಲಿಲ್ಲ. ನಾಳೆ ನಾನು ಮೇಸ್ತ್ರಿಯಾದರೆ ಅಂಥದ್ದು ನಡೆಯುವುದಿಲ್ಲ. ನಾನು ಅವನಂಥವಳಲ್ಲ."

"ಕೂರುವ ಮೊದಲು ಅವನೂ ಅಂಥವನಾಗಿರಲಿಲ್ಲ" ಎಂದು ಗುರುಗಳು ಎದ್ದು ನಿಂತರು. "ನಾಳೆ ನೀನು ಕೂರುವುದಕ್ಕೆ ಆ ಕುರ್ಚಿ ತೊಳೆದಾಯಿತೇನಮ್ಮ?"

ಹುಲಿಗೆಮ್ಮ ಅದನ್ನು ತೊಳೆದೇ ಬಂದಿದ್ದಳು.